ಎಡಕ್ಕೆ ಸುತ್ತಿದ ಹಗ್ಗ

"ಗದ್ದ ಸ್ವಲ್ಪ ಮೇಲೆತ್ತಿ, ಡಾಡ್. ಹಾಂ, ಹಾಗೇ ಇರಿ. ಈಗ ನನ್ನನ್ನೇ ನೋಡಿ."

ಈ ಮಾತು ಕಿವಿಗೆ ಬಿದ್ದಾಗ ಎಬೆನ್ ಸ್ಪಿಂಕ್ ಬಂದರಿನ ಕಲ್ಲುಮೆಟ್ಟಿಲ ಮೇಲೆ ನಿಂತಿದ್ದ. ಕೈಯಲ್ಲಿ ಬಾಲಕ್ಕೆ ಬಾಲ ಸೇರಿಸಿ ಕಟ್ಟಿದ ಒಂದು ಜೋಡಿ ಹ್ಯಾಡಕ್ ಮೀನು. ಆಗತಾನೇ ಹೊಗೆಯಿಂದ ಇಳಿಸಿದ್ದು, ಸುತ್ತಿದ ಕಾಗದದ ಮೇಲೂ ಬಿಸಿ ತಟ್ಟುತ್ತಿತ್ತು. ಊರಲ್ಲಿ ಯಾರಿಗೂ ಮುಟ್ಟಲು ಬಿಡದೆ, ಇದ್ದುದರಲ್ಲೇ ದಪ್ಪನೆಯ ಜೋಡಿಯನ್ನು ಆರಿಸಿ ನೆಟ್ಟಾ ರ್ಯಾಂಕಿನ್‌ಗೆಂದು ತಂದಿದ್ದ.

ನೆಟ್ಟಾ ಅವನಿಗೆ ಬೆನ್ನು ಮಾಡಿ ಕೂತಿದ್ದಳು. ಎದುರಿಗೆ ಮಗುಚಿ ಹಾಕಿದ ದೋಣಿಯ ಮೇಲೆ ಡಾಡ್ ಸ್ವಾಂಕಿ. ಅವಳು ಎಡಗಣ್ಣು ಮುಚ್ಚಿ, ಕುಂಚದ ಹಿಡಿಯನ್ನು ಕೈ ಚಾಚಿ ಹಿಡಿದು, ಡಾಡ್‌ನ ಹುಬ್ಬಿನಿಂದ ತುಟಿಯವರೆಗೆ ಅಳೆದಳು. ಆಮೇಲೆ ಕ್ಯಾನ್ವಾಸಿನ ಕಡೆ ತಿರುಗಿದಳು. ಮತ್ತೆ ಅವನ ಹುಬ್ಬು, ಮತ್ತೆ ಕ್ಯಾನ್ವಾಸು. ಚಿತ್ರ ಬರೆಯುವವರು ನೋಡುವುದು ಹಾಗೇ, ಅದರಲ್ಲಿ ಏನೂ ಇಲ್ಲ ಎಂದು ಎಬೆನ್‌ಗೆ ಯಾರಾದರೂ ಹೇಳಬಹುದಿತ್ತು. ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಮೂವತ್ತಾರು ವರ್ಷದ ಅವನನ್ನು ಯಾವ ಹೆಣ್ಣೂ ಒಂದು ಸಲಕ್ಕೆ ಅಷ್ಟು ಹೊತ್ತು ನೋಡಿರಲಿಲ್ಲ, ಅಥವಾ ನೋಡಿಲ್ಲವೆಂದು ಅವನು ತಿಳಿದಿದ್ದ.

"ಎಬೆನ್ ಅಲ್ವಾ?" ನೆಟ್ಟಾ ತಿರುಗದೆಯೇ ಕೇಳಿದಳು. "ಹೊಗೆ ವಾಸನೆ ಬಂತು."

ಡಾಡ್ ಹಲ್ಲು ಕಿಸಿದ. ಹಲ್ಲೂ ಚೆನ್ನಾಗಿದ್ದವು, ಅದೇ ಕಷ್ಟ. "ಇವನು ಬರೋದು ಆಮೇಲೆ ಟೀಚರಮ್ಮ, ಇವನ ವಾಸನೆ ಅರ್ಧ ಮೈಲಿ ಮುಂಚೆನೇ ಬರುತ್ತೆ. ತಪ್ಪಿಸ್ಕೊಳ್ಳೋರು ತಪ್ಪಿಸ್ಕೊಳ್ಳಲಿ ಅಂತ ದೇವರು ಮಾಡಿರೋ ಉಪಕಾರ."

ನೆಟ್ಟಾ ನಕ್ಕುಬಿಟ್ಟಳು. ನಗುತ್ತಲೇ ಎದ್ದು, ಬಣ್ಣದ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಮೀನಿಗೆ ಕೈ ನೀಡಿದಳು. "ನನಗೇನಾ? ಅಬ್ಬಾ, ಇನ್ನೂ ಬಿಸಿ ಇದೆ!"

"ಇಲ್ಲ," ಎಂದ ಎಬೆನ್. "ಇದು ಟೀನಿ ಚಿಕ್ಕಮ್ಮನಿಗೆ."

ಅವಳ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತು ಹಿಂದೆ ಹೋಯಿತು. ಎಬೆನ್ ಮೆಟ್ಟಿಲು ಹತ್ತಿ ಹೊರಟುಹೋದ. ಹೊಟ್ಟೆಯೊಳಗೆ ಕೆಂಡ ಉರಿಯುತ್ತಿತ್ತು.

ಪೋರ್ಟ್‌ಲೆನ್ನಿ ಎಂಬ ಆ ಊರಿಗೆ ನೆಟ್ಟಾ ಬರುತ್ತಿದ್ದುದು ಇದು ನಾಲ್ಕನೇ ಬೇಸಿಗೆ. ಗ್ಲಾಸ್ಗೋದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಜುಲೈ ಬಂತೆಂದರೆ ಬಣ್ಣದ ಪೆಟ್ಟಿಗೆ, ಮಡಿಸುವ ಸ್ಟೂಲು ಹಿಡಿದು ಬಸ್ಸಿಳಿದು, ಟೀನಿ ಚಿಕ್ಕಮ್ಮನ ಅಟ್ಟದ ಕೋಣೆಯಲ್ಲಿ ಆರು ವಾರ ಇರುತ್ತಿದ್ದಳು. ಬಂದ ಮೊದಲ ವರ್ಷ, ಮೊದಲ ವಾರವೇ, ಅವನು ಮೀನನ್ನು ಹೊಗೆಯಲ್ಲಿ ಬೇಯಿಸುವ ಹೊಗೆಮನೆಗೆ ಬಂದು, "ನಿಮ್ಮ ಚಿತ್ರ ಬರೀಲಾ?" ಎಂದು ಎಬೆನ್‌ನನ್ನು ಕೇಳಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಗಿ, "ನನಗೆ ಕೆಲಸ ಇದೆ," ಎಂದು ಒರಟಾಗಿ ಹೇಳಿದ್ದ. ಆ ಮೂರು ಪದಗಳನ್ನು ನೆನೆದು ಮೂರು ವರ್ಷದಿಂದ ತನಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದ. ಅವಳು ಮತ್ತೆ ಕೇಳಲಿಲ್ಲ. ಆದರೆ ಸಂಜೆಗಳಲ್ಲಿ ಹೊಗೆಮನೆಯ ಎದುರಿನ ಗೋಡೆಯ ಮೇಲೆ ಚಿತ್ರ ಬರೆಯುವ ಪುಸ್ತಕ ಹಿಡಿದು ಕೂರುತ್ತಿದ್ದಳು. ಹೊಗೆಯನ್ನು ಬರೆಯುವುದು ಬಹಳ ಕಷ್ಟ, ಅಭ್ಯಾಸ ಮಾಡಬೇಕು ಎನ್ನುತ್ತಿದ್ದಳು. ಎಬೆನ್ ನಂಬಿದ್ದ. ಹೊಗೆ ಚೆನ್ನಾಗಿ ಬರಲೆಂದು ಒದ್ದೆ ಗೋಣಿಯನ್ನು ಇನ್ನೊಂದು ಸಲ ಒದ್ದೆ ಮಾಡಿ ಬೆಂಕಿಯ ಪೀಪಾಯಿಯ ಮೇಲೆ ಹೊದಿಸುತ್ತಿದ್ದ.

ಊರಿನ ಮುದುಕರು, ಬಲೆ ಹೊಲಿಯುವ ಹೆಂಗಸರು ಎಲ್ಲರೂ ಅವಳ ಚಿತ್ರಕ್ಕೆ ಕೂತಿದ್ದರು. ಕಡಲಿಗೆ ಹೋಗುವ ಗಂಡಸು ಕೂತದ್ದು ಇದೇ ಮೊದಲು. ಅದೂ ಡಾಡ್! ದೋಣಿ ಪಂದ್ಯದಲ್ಲಿ ಎರಡು ಸಲ ಗೆದ್ದವನು, ಬಂಗಾರದ ಗಡ್ಡದವನು. ಎಬೆನ್‌ಗೋ ಬಂದರು ದಾಟುವ ಮುಂಚೆಯೇ ವಾಂತಿ. ಸ್ಪಿಂಕ್ ಮನೆತನದಲ್ಲಿ ನೂರು ವರ್ಷಕ್ಕೊಬ್ಬ ಹಾಗೆ ಹುಟ್ಟುತ್ತಾನೆ ಎಂದು ಊರವರು ಸಮಾಧಾನ ಹೇಳುತ್ತಿದ್ದರು, ಸಮಾಧಾನ ಹೇಳಿ ನಗುತ್ತಿದ್ದರು.

ಟೀನಿ ಚಿಕ್ಕಮ್ಮ ಎಬೆನ್‌ನ ತೀರಿಹೋದ ಅಮ್ಮನ ತಂಗಿ. ಎಪ್ಪತ್ತು ವರ್ಷ, ಬಾಯಿ ಮಾತ್ರ ಇಪ್ಪತ್ತರದು. ಮೀನಿನ ಪೊಟ್ಟಣ ಬಿಚ್ಚಿ ನೋಡಿದವಳೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ದಪ್ಪ ಮೀನು ನನಗೆ ಯಾವತ್ತು ತಂದಿದ್ದೀಯೋ ನೀನು?"

"ತಿನ್ನು ಸುಮ್ಮನೆ."

"ಅವಳು ಡಾಡ್‌ನ ಮುಂದೆ ಕೂತಿರೋದು ನೋಡಿ ಬಂದಿದ್ದೀಯ. ಮುಖ ನೋಡಿದ್ರೆ ಗೊತ್ತಾಗುತ್ತೆ, ಹುಳಿ ಹಾಲು ಕುಡಿದೋನ ಹಾಗಿದೆ." ಚಿಕ್ಕಮ್ಮ ಕೆಟಲ್ ಒಲೆಯ ಮೇಲಿಟ್ಟಳು. "ಕೂತ್ಕೋ. ಒಂದು ವಿಷಯ ಹೇಳ್ತೀನಿ. ನಿನ್ನೆ ಗ್ಲಾಸ್ಗೋದಿಂದ ಅವಳಿಗೆ ಕಾಗದ ಬಂತು. ಶಾಲೇಲಿ ಚಿತ್ರಕಲೆಗೆಲ್ಲಾ ಅವಳನ್ನೇ ದೊಡ್ಡವಳನ್ನ ಮಾಡ್ತಾರಂತೆ. ಇನ್ಮೇಲೆ ಬೇಸಿಗೇಲೂ ಅಲ್ಲೇ ಕ್ಲಾಸು ತಗೋಬೇಕಂತೆ."

"ಅಂದ್ರೆ?"

"ಅಂದ್ರೆ ಮುಂದಿನ ವರ್ಷ ಬರಲ್ಲ. ಬರೋ ವಾರ ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಚಿತ್ರಗಳನ್ನೆಲ್ಲಾ ಇಟ್ಟು ಊರಿಗೆ ತೋರಿಸ್ತಾಳೆ. ಶನಿವಾರ ಬಸ್ಸು. ಅಷ್ಟೇ."

ಎಬೆನ್ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದು ಕುಡಿಯುವುದನ್ನೇ ಮರೆತ.

"ಬಾಯಿ ಬಿಟ್ಟು ಕೇಳು," ಎಂದಳು ಚಿಕ್ಕಮ್ಮ.

"ಏನಂತ ಕೇಳೋದು? ಮದುವೆಯಾದ ಟೀಚರನ್ನ ಶಾಲೇಲಿ ಒಂದು ದಿನ ಇಟ್ಕೊಳ್ಳಲ್ಲ. ಉಂಗುರ ಹಾಕಿದ ದಿನವೇ ಕೆಲಸ ಬಿಡಿಸ್ತಾರೆ. ಅಷ್ಟು ಓದಿ ದೊಡ್ಡವಳಾಗಿರೋಳನ್ನ ಮೀನಿನ ತಲೆ ಕತ್ತರಿಸು ಬಾ ಅಂತ ಕರೀಲಾ?"

"ಡಾಡ್ ಕರೀತಾನೆ ನೋಡು. ಅವನಿಗೆ ಇಷ್ಟೆಲ್ಲಾ ಯೋಚನೆ ಬರಲ್ಲ."

ಈ ಒಂದು ಮಾತು ಎಬೆನ್‌ನನ್ನು ಎರಡು ದಿನ ತಿಂದುಹಾಕಿತು. ಉಪ್ಪು ಹೆಚ್ಚಾಯಿತು, ಬೆಂಕಿ ಜಾಸ್ತಿಯಾಯಿತು, ಒಂದು ಕಂತೆ ಮೀನು ಸೀದು ಕರಿಕಾಯಿತು. ಬಂದರಿನ ಕಡೆಯಿಂದ ನಗು ಕೇಳಿದರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಗಡ್ಡದ ಬಣ್ಣ ಸಿಗುತ್ತಿಲ್ಲವೆಂದು ನೆಟ್ಟಾ ಡಾಡ್‌ನ ಗದ್ದದ ಹತ್ತಿರ ಹೋಗಿ ಬಣ್ಣದ ಹಲಗೆ ಹಿಡಿದು ನೋಡಿದಳಂತೆ. ಈ ಸುದ್ದಿಯನ್ನು ಅವನಿಗೆ ಮೂರು ಜನ ಬೇರೆ ಬೇರೆಯಾಗಿ ಬಂದು ಹೇಳಿದರು. ಸಣ್ಣ ಊರಲ್ಲಿ ಪ್ರೀತಿ ಮುಚ್ಚಿಡಬಹುದು, ಹೊಟ್ಟೆಕಿಚ್ಚನ್ನಲ್ಲ.

ಶನಿವಾರ ಮಧ್ಯಾಹ್ನ ಪಬ್ಬಿನಲ್ಲಿ ಡಾಡ್ ಬಿಯರ್ ಗ್ಲಾಸು ಹಿಡಿದು ಮೆರೆಯುತ್ತಿದ್ದ. "ಮುಖ ಮುಗೀತು. ಸೋಮವಾರದಿಂದ ಮೈ ಬರೀತಾರೆ. ಆಮೇಲೆ ನಾನು ಎಡಿನ್‌ಬರೋಗೆ! ದೊಡ್ಡ ಪ್ರದರ್ಶನದಲ್ಲಿ ದೊಡ್ಡ ದೊಡ್ಡ ಹೆಂಗಸರೆಲ್ಲಾ ಬಂದು ನನ್ನ ಮುಂದೆ ನಿಂತು ನಿಟ್ಟುಸಿರು ಬಿಡ್ತಾರೆ."

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಎಬೆನ್‌ನ ಬಾಯಿಂದ ಮಾತು ತಾನಾಗಿ ಹೊರಬಂತು. ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

"ಉತ್ತರದ ಕಡೆ ಒಂದು ಊರಲ್ಲಿ ಹೀಗೇ ಒಬ್ಬ ಚಿತ್ರಕ್ಕೆ ಕೂತಿದ್ದನಂತೆ."

"ಯಾವ ಊರು?"

"ಹೆಸರು ಮರೆತೆ. ಮುಖ ಬರೆಯೋವರೆಗೂ ಏನಿಲ್ಲ. ತಲೆಯಿಂದ ಕಾಲಿನವರೆಗೆ ಮನುಷ್ಯ ಪೂರ್ತಿ ಆದ ವಾರಕ್ಕೇ ದೋಣಿ ವಾಪಸ್ಸು ಬಂತು, ಅವನು ಬರಲಿಲ್ಲ. ಚಿತ್ರದಲ್ಲಿ ಒಬ್ಬನನ್ನ ದಡದಲ್ಲೇ ಇಟ್ಟುಬಿಟ್ರೆ, ಇನ್ನೊಬ್ಬ ನನಗೆ ಅಂತ ಸಮುದ್ರ ಕೇಳುತ್ತಂತೆ." ಎಬೆನ್ ಗ್ಲಾಸಿನ ತಳ ನೋಡಿದ. "ಜನ ಹೇಳೋದಪ್ಪ. ನನಗೇನು ಗೊತ್ತು."

ಪಬ್ಬು ತಣ್ಣಗಾಯಿತು. ಅಪಶಕುನವೆಂದು ದೋಣಿಯಲ್ಲಿ ಪಾದ್ರಿಯ ಹೆಸರೆತ್ತದ ಜನ ಅವರು. ದಾರಿಯಲ್ಲಿ ಹಂದಿ ಕಂಡರೆ ಬಲೆ ಹೊತ್ತು ಮನೆಗೆ ಮರಳುವವರು. ಬಿರುಗಾಳಿಗೆ ಹೆದರದ ಡಾಡ್ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

ಸೋಮವಾರ ಮಗುಚಿದ ದೋಣಿಯ ಮೇಲೆ ಯಾರೂ ಇರಲಿಲ್ಲ. ಡಾಡ್‌ಗೆ ಸೊಂಟ ನೋವಂತೆ. ಅವನ ಬದಲಿಗೆ ಕೂರಲು ನೆಟ್ಟಾ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬನಿಗೆ ಹಲ್ಲು ನೋವು, ಇನ್ನೊಬ್ಬನ ಹೆಂಡತಿ ಬಿಡುವುದಿಲ್ಲ, ಮತ್ತೊಬ್ಬ ಬಾಗಿಲನ್ನೇ ತೆರೆಯಲಿಲ್ಲ. ಹೊಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ ಎಬೆನ್‌ಗೆ ಒಂದು ಗಂಟೆ ಖುಷಿಯಾಯಿತು. ಆಮೇಲೆ, ಅವಳು ಗೋಡೆಗೆ ಒರಗಿ ಒಬ್ಬಳೇ ನಿಂತದ್ದನ್ನು ಕಂಡಾಗ, ಕಿಟಕಿ ಮುಚ್ಚಿಬಿಟ್ಟ.

ಮಂಗಳವಾರ ಅವಳೇ ಹೊಗೆಮನೆಗೆ ಬಂದಳು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಳು. ಕೆನ್ನೆಯ ಮೇಲೆ ನೀಲಿ ಬಣ್ಣದ ಒಂದು ಗೀರು ಇತ್ತು. ಅದನ್ನು ಒರೆಸಬೇಕೆಂದು ಎಬೆನ್‌ನ ಬೆರಳು ತುಡಿದವು, ಅವನು ಮೀನಿಗೆ ದಾರ ಸುತ್ತತೊಡಗಿದ.

"ಯಾರೋ ಪುಣ್ಯಾತ್ಮ ಏನೋ ಕಥೆ ಕಟ್ಟಿದ್ದಾನೆ," ಎಂದಳು. "ಸಮುದ್ರ ಕೇಳುತ್ತಂತೆ, ಏನೇನೋ. ಒಬ್ಬರೂ ಕೂರ್ತಿಲ್ಲ."

"ಹೂಂ."

"ನೀವು ಕಡಲಿಗೆ ಹೋಗೋರಲ್ಲ. ನಿಮ್ಮನ್ನ ಸಮುದ್ರ ಕೇಳಲ್ಲ."

"ಕೇಳಿದ್ರೂ ವಾಂತಿ ಮಾಡ್ಕೋತಾನೆ ಅಂತ ವಾಪಸ್ ಕಳಿಸುತ್ತೆ."

ಅವಳ ತುಟಿಯ ತುದಿ ಅಲುಗಿತು. "ಹಾಗಾದ್ರೆ ಎರಡು ಮಧ್ಯಾಹ್ನ ಕೂರ್ತೀರಾ? ಭುಜ, ಎದೆ, ಕೈ. ಅಷ್ಟೇ."

ಮೂರು ವರ್ಷ ಕಾದ ಪ್ರಶ್ನೆ ಎದುರಿಗೆ ನಿಂತಿತ್ತು. "ಮುಖ?" ಎಂದು ಕೇಳಿದ.

"ಮುಖ ಡಾಡ್‌ದು ಆಗಿದೆಯಲ್ಲ."

"ಅಂದ್ರೆ ಡಾಡ್‌ನ ತಲೆಗೆ ನನ್ನ ಮುಂಡ."

"ಹಾಗೆ ಹೇಳಿದ್ರೆ ಕೇಳೋಕೆ ಒಂಥರಾ ಇರುತ್ತೆ..."

"ಹೇಗೆ ಹೇಳಿದ್ರೂ ಅಷ್ಟೇ. ಮದುಮಗ ಅವನು, ಕೋಟು ತೂಗುಹಾಕೋ ಗೂಟ ನಾನು. ಬೇಡ ಮಿಸ್. ನನಗೆ ಕೆಲಸ ಇದೆ."

ಅವೇ ಮೂರು ಪದ. ಹೇಳಿದ ಮೇಲೆ ಅವನಿಗೇ ಕೇಳಿಸಿತು. ನೆಟ್ಟಾ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಈ ಸಲ ಎಡಗಣ್ಣು ಮುಚ್ಚಲಿಲ್ಲ, ಅಳೆಯಲೂ ಇಲ್ಲ.

"ಆಯ್ತು ಬಿಡಿ," ಎಂದಳು. "ನೀವು ಕೂರಲೇಬೇಕು ಅಂತೇನಿಲ್ಲ." ಹೋಗುವಾಗ ಅವಳ ಮುಖ ಕೆಂಪಾಗಿತ್ತು. ಬೆಂಕಿಯ ಶಾಖಕ್ಕೆಂದು ಎಬೆನ್ ಅಂದುಕೊಂಡ. ಇಂಥ ವಿಷಯದಲ್ಲಿ ಅವನಷ್ಟು ದಡ್ಡ ಆ ಕರಾವಳಿಯಲ್ಲೇ ಇರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಚರ್ಚಿನ ಹಾಲ್ ತುಂಬಿತು. ಗೋಡೆಗುಂಟ ಚಿತ್ರಗಳು, ನಡುವೆ ಮೇಜಿನ ಮೇಲೆ ಚಹಾ, ಸ್ಕೋನ್‌ಗಳು. ಎಬೆನ್ ಬರಬಾರದೆಂದುಕೊಂಡೇ ಬಂದಿದ್ದ. ಭಾನುವಾರದ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತ. ಡಾಡ್‌ನ ಚಿತ್ರವನ್ನು ಎಲ್ಲಕ್ಕಿಂತ ಮುಂದೆ, ಬೆಳಕು ಬೀಳುವ ಕಡೆ ಇಟ್ಟಿದ್ದರು. ಅದು ಪೂರ್ತಿಯಾಗಿತ್ತು. ನೆಟ್ಟಾ ಮೂರು ದಿನ ಅಟ್ಟದ ಕೋಣೆಯಿಂದ ಹೊರಬರದೆ, ಎದುರಿಗೆ ಯಾರೂ ಇಲ್ಲದೆ ಮುಗಿಸಿದ್ದಳು. ಡಾಡ್ ಅದರ ಹತ್ತಿರ ಸುಳಿಯದೆ ಚಹಾದ ಮೇಜಿನಾಚೆ ನಿಂತಿದ್ದ.

ಚಿತ್ರ ನೋಡುವುದರಲ್ಲಿ ಪೋರ್ಟ್‌ಲೆನ್ನಿಯವರದೇ ಒಂದು ರೀತಿ. ಆಕಾಶದ ಬಣ್ಣ ಅವರಿಗೆ ಬೇಕಿಲ್ಲ. ಗಂಡಸರು ದೋಣಿಯ ಹಗ್ಗ ಸರಿಯಾಗಿ ಕಟ್ಟಿದೆಯೇ ಎಂದು ನೋಡುತ್ತಾರೆ. ಹೆಂಗಸರು ಮೂಗು ತಾಗುವಷ್ಟು ಹತ್ತಿರ ಹೋಗಿ ಬಲೆಯ ಗಂಟು, ಜರ್ಸಿಯ ಹೆಣಿಗೆ ನೋಡುತ್ತಾರೆ. ಮೀನುಗಾರರ ನೀಲಿ ಉಣ್ಣೆ ಜರ್ಸಿಯನ್ನು ಅಲ್ಲಿ ಮನೆಯ ಹೆಂಗಸರೇ ಹೆಣೆಯುವುದು. ಒಂದೊಂದು ಮನೆಗೆ ಒಂದೊಂದು ವಿನ್ಯಾಸ, ಅದರಿಂದಲೇ ಮುಳುಗಿದವರ ಹೆಣ ಗುರುತು ಹಿಡಿಯುತ್ತಾರೆ ಎಂದೆಲ್ಲ ಬಸ್ಸಿನಲ್ಲಿ ಬರುವ ಪ್ರವಾಸಿಗಳಿಗೆ ಯಾರೋ ಹೇಳಿ ಕಳಿಸುತ್ತಾರೆ, ಅದು ಸುಳ್ಳು. ಆದರೆ ಯಾವುದು ಯಾರ ಕೈಯ ಹೆಣಿಗೆ ಎಂದು ಅಲ್ಲಿನ ಹೆಂಗಸರು ಬೀದಿಯ ಆಚೆ ಕಡೆಯಿಂದ ಹೇಳಬಲ್ಲರು. ಮದುವೆಯಾಗದ, ತಾಯಿಯಿಲ್ಲದ ಡಾಡ್ ಮಾತ್ರ ಅಂಗಡಿಯಿಂದ ಕೊಂಡ, ಸಪಾಟು ಜರ್ಸಿ ಹಾಕುತ್ತಿದ್ದ.

ಚಿತ್ರದ ಡಾಡ್‌ನ ಜರ್ಸಿ ಸಪಾಟಾಗಿರಲಿಲ್ಲ. ಎದೆಯ ತುಂಬ ಹಗ್ಗದಂತೆ ಸುತ್ತಿಕೊಂಡ ಹೆಣಿಗೆ.

ಬಲೆ ಹೊಲಿಯುವ ಹೆಂಗಸರು ಮೊದಲು ಗುಸುಗುಟ್ಟಿದರು. ಆಮೇಲೆ ಟೀನಿ ಚಿಕ್ಕಮ್ಮನಿಗೆ ದಾರಿ ಬಿಟ್ಟರು. ಚಿಕ್ಕಮ್ಮ ಕನ್ನಡಕ ಏರಿಸಿ, ಬಗ್ಗಿ, ಬೆರಳಿನಿಂದ ಗಾಳಿಯಲ್ಲೇ ಒಂದು ಸುತ್ತು ಗೀರಿದಳು.

"ಈ ಹಗ್ಗ ಎಡಕ್ಕೆ ಸುತ್ತಿದೆ," ಎಂದಳು.

"ಎಡಕ್ಕೇ ಕಣೇ," ಎಂದಳು ಇನ್ನೊಬ್ಬಳು.

"ಈ ಊರಲ್ಲಿ ನಾವೆಲ್ಲಾ ಬಲಕ್ಕೆ ಸುತ್ತೋರು. ನಮ್ಮಕ್ಕ ಲೀಜ಼ಿ ಒಬ್ಬಳೇ ಎಡಚಿ. ಅವಳ ಹೆಣಿಗೆ ಪೂರ್ತಿ ತಿರುಗುಮುರುಗು." ಚಿಕ್ಕಮ್ಮ ತಲೆಯೆತ್ತಿದಳು. "ಎಬೆನ್! ಎಲ್ಲಿದ್ದೀಯೋ? ಬಾ ಇಲ್ಲಿ."

ಎಬೆನ್‌ಗೆ ಮೊದಲು ಬಂದದ್ದು ಸಿಟ್ಟು. ಜನರ ನಡುವೆ ದಾರಿ ಮಾಡಿಕೊಂಡು ಬಂದು ನೋಡಿದ. ಅಮ್ಮ ಕೊನೆಯ ಚಳಿಗಾಲ ದೀಪದ ಪಕ್ಕ ಕೂತು ಹೆಣೆದ ಜರ್ಸಿ ಡಾಡ್‌ನ ಎದೆಯ ಮೇಲೆ! ಮುಖ ಕೊಟ್ಟದ್ದು ಸಾಲದೆಂದು ಅಮ್ಮನ ಜರ್ಸಿಯನ್ನೂ ನೆಟ್ಟಾ ಇವನಿಗೇ ತೊಡಿಸಿದಳೇ? ಜಗತ್ತಿನಲ್ಲಿದ್ದುದೆಲ್ಲ ಡಾಡ್‌ಗೇ ಆಗಬೇಕೇ?

"ಕೋಟಿನ ಗುಂಡಿ ಬಿಚ್ಚು," ಎಂದಳು ಚಿಕ್ಕಮ್ಮ.

"ಯಾಕೆ?"

"ಬಿಚ್ಚೋ ಅಂದ್ರೆ ಬಿಚ್ಚು!"

ಬಿಚ್ಚಿದ. ಕೋಟಿನೊಳಗೆ ಅದೇ ಜರ್ಸಿ. ಕತ್ತಿನ ಕೆಳಗೆ, ಹೋದ ವರ್ಷ ಕಿಡಿ ಹಾರಿ ಸುಟ್ಟ ತೂತಿಗೆ ಅವನೇ ಬೂದು ಬಣ್ಣದ ಉಣ್ಣೆಯಲ್ಲಿ ಅಡ್ಡಾದಿಡ್ಡಿ ಹಾಕಿಕೊಂಡ ತೇಪೆ. ಚಿತ್ರದಲ್ಲಿಯೂ ಅದೇ ಜಾಗದಲ್ಲಿ ಅದೇ ತೇಪೆ, ಬೂದು ಬಣ್ಣದಲ್ಲಿ, ಅಡ್ಡಾದಿಡ್ಡಿಯಾಗಿ. ಇಡೀ ಹಾಲ್ ಅವನ ಎದೆಯನ್ನು ನೋಡಿತು, ಚಿತ್ರವನ್ನು ನೋಡಿತು, ಮತ್ತೆ ಅವನ ಎದೆಯನ್ನು ನೋಡಿತು.

ಮೈ ತನ್ನದಲ್ಲವೆಂದು ಗೊತ್ತಾದ ಮೇಲೆ ಡಾಡ್ ಧೈರ್ಯವಾಗಿ ಮುಂದೆ ಬಂದ. "ನನ್ನ ಮೈಮೇಲೆ ಇವನ ಅಂಗಿ ಯಾಕೆ ಟೀಚರಮ್ಮ? ಎಡಿನ್‌ಬರೋ ಹೆಂಗಸರಿಗೆ ಹೊಗೆ ವಾಸನೆ ಬರಲ್ವಾ?"

ನೆಟ್ಟಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. "ನಾನು... ಎದುರಿಗೆ ಯಾರೂ ಇರಲಿಲ್ಲ. ನೆನಪಿನಿಂದ ಬರೆದೆ. ಎಲ್ಲಾ ಜರ್ಸೀನೂ ಹೀಗೇ ಇರುತ್ತೆ ಅಂದ್ಕೊಂಡೆ."

"ನಲವತ್ತು ಜರ್ಸಿ ಇರೋ ಊರಲ್ಲಿ ನಾಲ್ಕು ಬೇಸಿಗೆ ಇದ್ದು, ಎಲ್ಲಾ ಹೀಗೇ ಇರುತ್ತೆ ಅಂದ್ಕೊಂಡ್ಯಾ ತಾಯಿ?" ಎಂದಳು ಚಿಕ್ಕಮ್ಮ. ದನಿ ಮೆತ್ತಗಿತ್ತು, ಕಣ್ಣು ತುಂಟಾಗಿತ್ತು. "ಹಾಗಾದ್ರೆ ಮಿಕ್ಕಿದ್ದು ಒಂದನ್ನೂ ನೋಡಿಲ್ಲ ಅನ್ನು."

ಹಾಲ್‌ನ ಸೂರು ಹಾರುವ ಹಾಗೆ ನಗು ಎದ್ದಿತು. ನೆಟ್ಟಾಳ ಮುಖ ಕತ್ತಿನವರೆಗೆ ಕೆಂಪಾಯಿತು. ಕೈಯಲ್ಲಿದ್ದ ಚಹಾದ ಬಟ್ಟಲನ್ನು ಸಿಕ್ಕಿದ ಕಡೆ ಇಟ್ಟು, ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟಳು.

ಎಬೆನ್ ಇನ್ನೂ ಚಿತ್ರದ ಮುಂದೆಯೇ ಇದ್ದ.

"ಪೆದ್ದ ನನ್ಮಗನೇ," ಚಿಕ್ಕಮ್ಮ ಅವನ ಕಿವಿಯಲ್ಲಿ ಹೇಳಿದಳು, "ಡಾಡ್‌ನ ಅವಳು ಎದುರಿಗೆ ಕೂರಿಸ್ಕೊಂಡು ನೋಡಬೇಕಾಯ್ತು. ನಿನ್ನ ನೋಡೋಕೆ ಅವಳಿಗೆ ನೀನೂ ಬೇಕಾಗಲಿಲ್ಲ. ಹೋಗು."

ಹಾಲ್‌ನ ಹಿಂದೆ, ಬಲೆ ಒಣಹಾಕುವ ಕಂಬಗಳ ನಡುವೆ ಅವಳು ನಿಂತಿದ್ದಳು. ಗಾಳಿಗೆ ಕೂದಲು ಹಾರುತ್ತಿತ್ತು. ಎಬೆನ್ ಹತ್ತಿರ ಬಂದು ನಿಂತ. ಹೇಳಬೇಕಾದದ್ದು ಬಹಳ ಇತ್ತು, ಮೊದಲು ಬಂದದ್ದು ಹೇಳಬಾರದಿದ್ದ ಮಾತು.

"ಆ ಸಮುದ್ರದ ಕಥೆ ಕಟ್ಟಿದ್ದು ನಾನು."

ನೆಟ್ಟಾ ತಿರುಗಿದಳು. "ಏನು?"

"ಯಾವ ಊರೂ ಇಲ್ಲ, ಯಾರೂ ಸತ್ತಿಲ್ಲ. ನೀವು ಅವನನ್ನ ನೋಡೋದು ನನಗೆ ಸಹಿಸೋಕಾಗಲಿಲ್ಲ."

"ನೀವಾ?" ಅವಳ ದನಿ ಏರಿತು. "ಮನೆಮನೆ ಬಾಗಿಲು ತಟ್ಟಿ ಬೇಡಿದ್ದೀನಿ ನಾನು! ನಿಮ್ಮ ಹತ್ತಿರ ಬಂದು ಕೇಳಿದಾಗ್ಲೂ ಮೀನಿಗೆ ದಾರ ಸುತ್ತುತ್ತಾ ನಿಂತಿದ್ರಿ. ಎರಡು ವರ್ಷದಿಂದ ಎಡಿನ್‌ಬರೋಗೆ ಒಂದು ಒಳ್ಳೆ ಚಿತ್ರ ಕಳಿಸಬೇಕು ಅಂತ ಒದ್ದಾಡ್ತಿದ್ದೀನಿ. ಈಗ ಅದು ಊರಿಗೆಲ್ಲಾ ನಗೆಪಾಟಲು."

"ತಪ್ಪಾಯ್ತು."

"ನನಗೆ ಹೇಳಿ ಏನು ಪ್ರಯೋಜನ? ಒಳಗೆ ಹೋಗಿ ಅವರಿಗೆ ಹೇಳಿ. ಇನ್ನು ಹತ್ತು ವರ್ಷ ಆದ್ರೂ ಈ ಊರಲ್ಲಿ ಯಾವ ಪೇಂಟರ್ ಮುಂದೆಯೂ ಒಬ್ಬ ಗಂಡಸು ಕೂರಲ್ಲ, ನಿಮ್ಮಿಂದ."

ಎಬೆನ್ ಹೋದ. ಬಾಗಿಲಲ್ಲಿ ನಿಂತು ಟೋಪಿ ತೆಗೆದು ಎಲ್ಲರೆದುರು ಹೇಳಿದ: ಕಥೆ ಸುಳ್ಳು, ಹೊಟ್ಟೆಕಿಚ್ಚಿಗೆ ಕಟ್ಟಿದ್ದು, ಡಾಡ್‌ನ ಮೇಲೆ. ಡಾಡ್ ಮೆಲ್ಲಗೆ ನಡೆದು ಬಂದು ಅವನ ಎದುರು ನಿಂತ. ಹೊಡೆತ ಬೀಳುವುದೇ ಸರಿ ಎಂದು ಎಬೆನ್ ಕಣ್ಣು ಮುಚ್ಚಿಕೊಂಡ.

"ಬಂದರು ದಾಟಿದ್ರೆ ವಾಂತಿ ಮಾಡೋನು," ಎಂದ ಡಾಡ್, "ಸಮುದ್ರದ ಹೆಸರು ಹೇಳಿ ನನ್ನನ್ನೇ ಹೆದರಿಸಿದ್ಯಲ್ಲೋ!" ಎಬೆನ್‌ನ ಬೆನ್ನಿಗೆ ಬಿದ್ದ ಗುದ್ದು ಅರ್ಧ ಸಿಟ್ಟು, ಅರ್ಧ ನಗು. ಬೆನ್ನು ಮಾತ್ರ ಪೂರ್ತಿ ನೋಯಿತು. "ನನ್ನ ಮುಖ ಚೆನ್ನಾಗಿದ್ರೆ ಅದು ನನ್ನ ತಪ್ಪಾ? ಹೋಗು ಮಾರಾಯ, ಅವಳು ಚಳೀಲಿ ನಿಂತಿದ್ದಾಳೆ."

ಎಬೆನ್ ಮತ್ತೆ ಬಂದಾಗ ನೆಟ್ಟಾ ಕಂಬಕ್ಕೆ ಒರಗಿ, ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಕಿಟಕಿಯಿಂದ ಎಲ್ಲವೂ ಕೇಳಿಸಿತ್ತು.

"ನೋಯ್ತಾ?"

"ಹೂಂ."

"ನೋಯಲಿ." ಅವಳು ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. "ನಾನು ಬರೆಯೋಕೆ ಬರ್ತಿದ್ದದ್ದು ಹೊಗೆ ಅಂತ ನಿಜವಾಗಲೂ ನಂಬಿದ್ರಾ?"

"ನಾಲ್ಕು ಬೇಸಿಗೆ ಗೋಣಿ ಒದ್ದೆ ಮಾಡಿದ್ದೀನಿ ಮಿಸ್. ನಿಮಗೆ ಹೊಗೆ ಚೆನ್ನಾಗಿ ಸಿಗಲಿ ಅಂತ."

"ಅಯ್ಯೋ ದೇವರೇ! ಆ ಹೊಗೇಲಿ ನಿಮ್ಮ ಮುಖವೇ ಕಾಣ್ತಿರಲಿಲ್ಲ! ಜರ್ಸಿ ಮಾತ್ರ ಕಾಣ್ತಿತ್ತು!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಎದುರಿಗೆ ಉಳಿದದ್ದು ನಾಳೆಯ ಬಸ್ಸು. ಎಬೆನ್ ಕೈಯಲ್ಲಿದ್ದ ಟೋಪಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದ.

"ನನಗೆ ನಿಮ್ಮ ಮೇಲೆ ಪ್ರೀತಿ," ಎಂದ. "ಮೊದಲ ಬೇಸಿಗೆಯಿಂದ. ಇದನ್ನ ಹೇಳಿದ್ರೆ ನಿಮ್ಮ ಕೆಲಸ ಬಿಡಿ ಅಂತ ಕೇಳಿದ ಹಾಗೆ ಆಗುತ್ತೆ ಅಂತ ಬಾಯಿ ಬಿಡಲಿಲ್ಲ. ಬೇಕಿದ್ರೆ ಗ್ಲಾಸ್ಗೋಗೆ ನಾನೇ ಬರ್ತೀನಿ, ಮೀನು ಮಾರ್ಕೆಟ್‌ನಲ್ಲಿ ಏನಾದ್ರೂ ಮಾಡ್ತೀನಿ."

"ಅಲ್ಲಿ ಈ ಹೊಗೆ ಇಲ್ಲದೆ ಸತ್ತೇ ಹೋಗ್ತೀರ."

"ಗ್ಲಾಸ್ಗೋದಲ್ಲಿ ಹೊಗೆಗೆ ಬರವಾ?"

ನೆಟ್ಟಾ ನಕ್ಕು, ಆಮೇಲೆ ತಲೆಯಾಡಿಸಿದಳು. "ಎಲ್ಲಿದ್ರೂ ಅಷ್ಟೇ ಎಬೆನ್. ಉಂಗುರ ಹಾಕಿದ ದಿನ ನನ್ನನ್ನ ಕಳಿಸ್ತಾರೆ. ನನಗೆ ನೀವು ಬೇಕು. ಸುಳ್ಳು ಹೇಳಲ್ಲ, ಬಹಳ ಬೇಕು. ಆದ್ರೆ ನನ್ನ ಕ್ಲಾಸಿನಲ್ಲಿ ಇಬ್ಬರು ಹುಡುಗೀರಿದ್ದಾರೆ. ಒಬ್ಬಳ ಅಪ್ಪ ಹಡಗುಕಟ್ಟೆ ಕೂಲಿ, ಇನ್ನೊಬ್ಬಳಿಗೆ ಅಪ್ಪನೇ ಇಲ್ಲ. ನನಗಿಂತ ಚೆನ್ನಾಗಿ ಬರೀತಾರೆ. ಅವರನ್ನ ಆರ್ಟ್ ಸ್ಕೂಲಿಗೆ ಸೇರಿಸೇ ಸೇರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಇನ್ನೂ ಎರಡು ವರ್ಷ ಬೇಕು. ನಾನು ಬಿಟ್ರೆ ಅವರನ್ನ ನಾಳೆಯೇ ಯಾವುದಾದರೂ ಕಾರ್ಖಾನೆಗೆ ಕಳಿಸ್ತಾರೆ."

"ಎರಡು ವರ್ಷ ಆದ ಮೇಲೆ?"

"ಆದ ಮೇಲೆ ನಾನೇ ಕೆಲಸ ಬಿಟ್ಟು ಬರ್ತೀನಿ. ಕಳಿಸಿದ್ದಕ್ಕಲ್ಲ, ನಾನಾಗಿ. ಚಿತ್ರ ಬರೆಯೋಕೆ ಯಾರ ಅಪ್ಪಣೇನೂ ಬೇಕಿಲ್ಲ ನನಗೆ." ಅವಳು ಅವನ ಕೈಯಿಂದ ಟೋಪಿ ಕಿತ್ತುಕೊಂಡು ಸುಕ್ಕು ಬಿಡಿಸತೊಡಗಿದಳು. "ಅಲ್ಲಿವರೆಗೆ ಬೇಸಿಗೇಲೂ ಬರೋಕಾಗಲ್ಲ. ಕ್ರಿಸ್‌ಮಸ್‌ಗೆ ಒಂದು ವಾರ, ಅಷ್ಟೇ. ಕಾಯ್ತೀರಾ?"

ಎರಡು ವರ್ಷ. ಎಬೆನ್ ಬೂಟಿನ ತುದಿಯಿಂದ ಹುಲ್ಲು ಕೆದಕಿದ. ಮನಸ್ಸಿನಲ್ಲಿ ಅವಳ ತರಗತಿ ಕಂಡಿತು. ಅವಳು ಎಡಗಣ್ಣು ಮುಚ್ಚಿ ಬಗ್ಗಿ ನೋಡುವ ಕಾಗದ, ಅವಳ ಕೈ ತಾಗುವ ಕುಂಚ, ಪ್ರತಿ ಬೆಳಿಗ್ಗೆ ಅವಳು ಮೊದಲು ನೋಡುವ ಎರಡು ಮುಖ. ಹೊಟ್ಟೆಯೊಳಗೆ ಹಳೆಯ ಕೆಂಡ ಮೆಲ್ಲಗೆ ಕಣ್ಣು ಬಿಟ್ಟಿತು.

"ಕಾಯ್ತೀನಿ," ಎಂದ. "ಆ ಹುಡುಗೀರ ಹೆಸರೇನು?"

"ಯಾಕೆ?"

"ಎರಡು ವರ್ಷ ಯಾರ ಮೇಲೆ ಹೊಟ್ಟೆ ಉರ್ಕೋಬೇಕು ಅಂತ ಗೊತ್ತಿರಬೇಕಲ್ಲ."

ನೆಟ್ಟಾ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಟೋಪಿಯನ್ನು ಅವನ ತಲೆಗಿಟ್ಟು, ಕಿವಿಯವರೆಗೆ ಎಳೆದು, ಅವನ ಎದೆಯ ಜರ್ಸಿಗೆ ಹಣೆ ಒತ್ತಿದಳು.

"ಮೈಸಿ," ಎಂದಳು ಅಲ್ಲಿಂದಲೇ. "ಇನ್ನೊಬ್ಬಳು ಗ್ರಿಜ಼ೆಲ್."

"ಮೈಸಿ, ಗ್ರಿಜ಼ೆಲ್," ಎಂದು ಎಬೆನ್ ಬಾಯಿಪಾಠ ಮಾಡಿಕೊಂಡ. "ಬೇಗ ಬೇಗ ಕಲೀರಿ ತಾಯಂದಿರಾ."